ನಿಂತ ಕಾರಿನ ಬ್ಯಾಟರಿ: ದೀರ್ಘಕಾಲದ ನಿಲುಗಡೆಯಲ್ಲಿ ಪಾಲಿಸಬೇಕಾದ ಕ್ರಮಗಳು

ಮೈಸೂರು ರಸ್ತೆಯೂ ಹೊರ ವರ್ತುಲ ರಸ್ತೆಯೂ ಕೂಡುವ ನಾಯಂಡಹಳ್ಳಿಗೆ ನಮ್ಮ ಮೆಟ್ರೊದ ನೇರಳೆ ಮಾರ್ಗ ಬಂದದ್ದು 2021ರ ಆಗಸ್ಟ್ 29ರಂದು. 2023ರ ಅಕ್ಟೋಬರ್ 9ರಿಂದ ಅದೇ ಮಾರ್ಗ ಚಲ್ಲಘಟ್ಟದಿಂದ ವೈಟ್‌ಫೀಲ್ಡ್‌ವರೆಗೆ ಎಲ್ಲೂ ತುಂಡಾಗದೆ ಓಡತೊಡಗಿದ ಮೇಲೆ, ಕಚೇರಿಗೆ ಹೋಗಿಬರಲು ನಿತ್ಯ ಕಾರು ತೆಗೆಯಬೇಕಾದ ಅಗತ್ಯ ಈ ಭಾಗದ ಎಷ್ಟೋ ಮನೆಗಳಲ್ಲಿ ಉಳಿದಿಲ್ಲ. ಮಗಳ ಬಾಣಂತನಕ್ಕೆಂದು ಅಮೆರಿಕಕ್ಕೆ ಹೋಗಿ ಐದಾರು ತಿಂಗಳು ಅಲ್ಲಿಯೇ ಉಳಿಯುವ ತಂದೆತಾಯಿಯರ, ಕೆಲಸದ ಮೇಲೆ ಹೊರದೇಶಕ್ಕೆ ತೆರಳುವವರ ಕಾರುಗಳಂತೂ ಅಪಾರ್ಟ್‌ಮೆಂಟಿನ ಸೆಲ್ಲಾರ್‌ನಲ್ಲಿ ತಿಂಗಳುಗಟ್ಟಲೆ ಧೂಳು ಹಿಡಿಯುತ್ತವೆ. ಹೀಗೆ ನಿಂತ ಕಾರಿನಲ್ಲಿ ಎಲ್ಲಕ್ಕಿಂತ ಮೊದಲು ಕೈಕೊಡುವ ಭಾಗ ಬ್ಯಾಟರಿ. 2020ರ ಮಾರ್ಚ್ 25ರಿಂದ ದೇಶದಾದ್ಯಂತ ಲಾಕ್‌ಡೌನ್ ಜಾರಿಯಾಗಿ ವಾಹನಗಳು ಒಮ್ಮೆಲೇ ನಿಂತುಹೋದಾಗ ಇದು ವ್ಯಾಪಕವಾಗಿ ಅನುಭವಕ್ಕೆ ಬಂದಿತು.

ಬಳಸದೆ ಬಿಟ್ಟದ್ದರಿಂದಲೇ ಬ್ಯಾಟರಿ ಕೆಡುತ್ತದೆ ಎಂಬ ತಿಳಿವಳಿಕೆ ಸಾಮಾನ್ಯವಾಗಿದ್ದರೂ ಅದು ಪೂರ್ಣ ಸರಿಯಲ್ಲ. ತುಂಬಿದ ಬ್ಯಾಟರಿಯನ್ನು ಸಂಪರ್ಕ ಬಿಡಿಸಿ ತಂಪಾದ ಜಾಗದಲ್ಲಿಟ್ಟರೆ ಅದು ಕೆಲವು ತಿಂಗಳು ಯಾವ ತೊಂದರೆಯೂ ಇಲ್ಲದೆ ಉಳಿಯಬಲ್ಲದು. ಅದನ್ನು ಕೆಡಿಸುವುದು ಅರೆಖಾಲಿಯಾದ ಸ್ಥಿತಿಯಲ್ಲಿ ಕಳೆಯುವ ಕಾಲ. ಆದ್ದರಿಂದ ನಿಲುಗಡೆಗೆ ಮುನ್ನ ಪೂರ್ತಿ ಚಾರ್ಜ್ ಮಾಡುವುದು, ನಿಂತಿರುವಾಗ ವಿದ್ಯುತ್ತಿನ ಸೋರಿಕೆಯನ್ನು ತಡೆಯುವುದು, ಕಡಿಮೆಯಾದದ್ದನ್ನು ಕಾಲಕಾಲಕ್ಕೆ ಮತ್ತೆ ತುಂಬುವುದು ಎಂಬ ಮೂರು ಕೆಲಸಗಳಲ್ಲಿ ಈ ವಿಷಯದ ಸಾರವೆಲ್ಲ ಅಡಗಿದೆ.

ಬ್ಯಾಟರಿಯ ಒಳಗೆ ನಡೆಯುವುದೇನು

ಪೆಟ್ರೋಲ್ ಮತ್ತು ಡೀಸೆಲ್ ಕಾರುಗಳಲ್ಲಿ ಇಂದಿಗೂ ಬಳಕೆಯಲ್ಲಿರುವುದು ಬಹುಪಾಲು ಸೀಸ-ಆಮ್ಲ ಬ್ಯಾಟರಿ, ಅಂದರೆ ಸೀಸದ ಫಲಕಗಳನ್ನು ದುರ್ಬಲಗೊಳಿಸಿದ ಸಲ್ಫ್ಯೂರಿಕ್ ಆಮ್ಲದಲ್ಲಿ ಮುಳುಗಿಸಿ ರಚಿಸಿದ, 1859ರಲ್ಲಿ ಫ್ರಾನ್ಸಿನ ಗ್ಯಾಸ್ಟನ್ ಪ್ಲಾಂಟೆ ರೂಪಿಸಿದ ಮೂಲತತ್ತ್ವದ ಮೇಲೆಯೇ ಕೆಲಸ ಮಾಡುವ ಸಾಧನ. ಇದರಲ್ಲಿ ಸುಮಾರು 2.1 ವೋಲ್ಟಿನ ಆರು ಕೋಶಗಳು ಸಾಲಾಗಿ ಜೋಡಣೆಗೊಂಡಿರುವುದರಿಂದ, 12 ವೋಲ್ಟಿನದು ಎಂದು ಕರೆಸಿಕೊಳ್ಳುವ ಬ್ಯಾಟರಿ ಪೂರ್ಣ ತುಂಬಿದಾಗ ವಾಸ್ತವದಲ್ಲಿ 12.6ರಿಂದ 12.7 ವೋಲ್ಟ್ ತೋರಿಸುತ್ತದೆ.

ಬ್ಯಾಟರಿಯಿಂದ ವಿದ್ಯುತ್ ಹೊರಹೋಗುವಾಗ ಆಮ್ಲದಲ್ಲಿನ ಸಲ್ಫೇಟ್ ಅಂಶ ಫಲಕಗಳ ಮೇಲೆ ಸೀಸದ ಸಲ್ಫೇಟಾಗಿ ಕೂರುತ್ತದೆ, ಚಾರ್ಜ್ ಮಾಡುವಾಗ ಮತ್ತೆ ಆಮ್ಲಕ್ಕೆ ಮರಳುತ್ತದೆ. ಹೊಸದಾಗಿ ಕುಳಿತ ಸಲ್ಫೇಟು ನುಣ್ಣಗಿದ್ದು ಸುಲಭವಾಗಿ ಕರಗುವುದರಿಂದ ಈ ಹೋಗಿಬರುವಿಕೆಯಲ್ಲಿ ಹಾನಿಯಿಲ್ಲ. ಆದರೆ ಖಾಲಿಯಾದ ಬ್ಯಾಟರಿಯನ್ನು ಹಾಗೆಯೇ ಬಿಟ್ಟರೆ, ಸಕ್ಕರೆ ಪಾಕ ಇಟ್ಟಲ್ಲೇ ಹರಳುಗಟ್ಟುವಂತೆ ಸಲ್ಫೇಟಿನ ಕಣಗಳು ಬೆಳೆದು ಗಟ್ಟಿಯಾಗಿ, ಮುಂದೆ ಚಾರ್ಜ್ ಮಾಡಿದರೂ ಕರಗದೆ ಫಲಕದ ಮೇಲ್ಮೈಯನ್ನು ಮುಚ್ಚಿಬಿಡುತ್ತವೆ. ಸಲ್ಫೇಷನ್ ಎಂದು ಕರೆಯಲಾಗುವ ಈ ಬದಲಾವಣೆ ಒಂದು ಹಂತ ದಾಟಿದ ಮೇಲೆ ಬ್ಯಾಟರಿಯ ಸಾಮರ್ಥ್ಯ ಶಾಶ್ವತವಾಗಿ ಕುಗ್ಗುತ್ತದೆ. ಎರಡು ದಿನ ಡೌನ್ ಆಗಿದ್ದ ಬ್ಯಾಟರಿ ಚಾರ್ಜ್ ಮಾಡಿದೊಡನೆ ಚೇತರಿಸಿಕೊಳ್ಳುವುದಕ್ಕೂ, ಮೂರು ತಿಂಗಳು ಡೌನ್ ಆಗಿಯೇ ಉಳಿದ ಬ್ಯಾಟರಿ ಬಹುಮಟ್ಟಿಗೆ ಗುಜರಿಗೆ ಹೋಗುವುದಕ್ಕೂ ಇರುವ ಕಾರಣ ಇದೇ.

ಸೋರಿಕೆಯ ಎರಡು ದಾರಿಗಳು

ನಿಂತ ಕಾರಿನಲ್ಲಿ ಚಾರ್ಜ್ ಎರಡು ದಾರಿಗಳಲ್ಲಿ ಕಡಿಮೆಯಾಗುತ್ತದೆ. ಮೊದಲನೆಯದು ಬ್ಯಾಟರಿಯ ಒಳಗೇ ನಡೆಯುವ ಸ್ವಯಂ ವಿಸರ್ಜನೆ. ಈಗಿನ ಮೆಂಟೆನೆನ್ಸ್-ಫ್ರೀ ಬ್ಯಾಟರಿಗಳಲ್ಲಿ ಇದು ಸಾಧಾರಣ ಉಷ್ಣತೆಯಲ್ಲಿ ತಿಂಗಳಿಗೆ ಶೇ 3ರಿಂದ 5ರಷ್ಟು ಮಾತ್ರ ಇದ್ದು, ಮುಚ್ಚಳ ತೆಗೆದು ನೀರು ಹಾಕುವ ಹಳೆಯ ಮಾದರಿಗಳಲ್ಲಿ ಇನ್ನೂ ಹೆಚ್ಚು. ಉಷ್ಣತೆ 10 ಡಿಗ್ರಿ ಸೆಲ್ಸಿಯಸ್ ಏರಿದರೆ ಈ ವೇಗ ಹೆಚ್ಚುಕಡಿಮೆ ಇಮ್ಮಡಿಯಾಗುತ್ತದೆ ಎಂಬುದು ಸ್ಥೂಲ ಲೆಕ್ಕ. ತಂಪಿಗೆ ಹೆಸರಾದ ಬೆಂಗಳೂರಿನಲ್ಲಿಯೂ 2016ರ ಏಪ್ರಿಲ್‌ನಲ್ಲಿ 39.2 ಡಿಗ್ರಿ ದಾಖಲಾಗಿದ್ದುಂಟು; ಬಿಸಿಲಿಗೆ ಬಿಟ್ಟ ಕಾರಿನ ಬಾನೆಟ್ ಅಡಿಯಲ್ಲಿ ಶಾಖ ಹೊರಗಿನದಕ್ಕಿಂತ ಹೆಚ್ಚಿರುತ್ತದೆ. ಆದ್ದರಿಂದ ರಸ್ತೆಬದಿಯಲ್ಲಿ ಅಥವಾ ತೆರೆದ ಅಂಗಳದಲ್ಲಿ ನಿಲ್ಲಿಸುವ ಕಾರಿಗಿಂತ ಸೆಲ್ಲಾರ್‌ನಲ್ಲಿ ನಿಲ್ಲಿಸಿದ ಕಾರಿನ ಬ್ಯಾಟರಿಗೆ ಬಾಳಿಕೆ ಹೆಚ್ಚು. ಬೇಸಿಗೆಯಲ್ಲಿ 42 ಡಿಗ್ರಿ ದಾಟುವ ಕಲಬುರಗಿಯಂತಹ ಊರುಗಳಲ್ಲಿ ನೆರಳಿನ ಮಹತ್ವ ಮತ್ತೂ ಹೆಚ್ಚುತ್ತದೆ.

ಎರಡನೆಯ ದಾರಿ ಕಾರಿನ ಉಪಕರಣಗಳದ್ದು, ಮತ್ತು ವಾಸ್ತವದಲ್ಲಿ ಹೆಚ್ಚು ನಷ್ಟವಾಗುವುದು ಇದರಿಂದಲೇ. ಕೀಲಿ ತೆಗೆದು ಬಾಗಿಲು ಹಾಕಿದ ಮೇಲೂ ಗಡಿಯಾರ, ಕಳ್ಳತನ ತಡೆಯುವ ಅಲಾರಂ, ರಿಮೋಟ್ ಲಾಕ್, ಎಂಜಿನ್ ನಿಯಂತ್ರಕದ ಸ್ಮೃತಿ ಮೊದಲಾದವು ಅಷ್ಟಿಷ್ಟು ವಿದ್ಯುತ್ತನ್ನು ಸದಾ ಎಳೆಯುತ್ತಿರುತ್ತವೆ. ಸುಸ್ಥಿತಿಯಲ್ಲಿರುವ ಕಾರಿನಲ್ಲಿ ಈ ಎಳೆತ ಸಾಮಾನ್ಯವಾಗಿ 20ರಿಂದ 50 ಮಿಲಿ ಆಂಪಿಯರ್‌ನಷ್ಟಿರುತ್ತದೆ. ನೋಡಲು ಅತ್ಯಲ್ಪವಾದ ಈ ಅಂಕಿ ಕಾಲದೊಡನೆ ಗುಣಿಸಿದಾಗ ಏನಾಗುತ್ತದೆ ಎಂಬುದನ್ನು ಸಣ್ಣ ಕಾರುಗಳಲ್ಲಿ ಸಾಮಾನ್ಯವಾದ 35 ಆಂಪಿಯರ್-ಗಂಟೆ ಸಾಮರ್ಥ್ಯದ ಬ್ಯಾಟರಿಯ ಉದಾಹರಣೆಯಿಂದ ನೋಡಬಹುದು. 35 ಆಂಪಿಯರ್-ಗಂಟೆ ಎಂದರೆ, ಸ್ಥೂಲವಾಗಿ, 1 ಆಂಪಿಯರ್ ವಿದ್ಯುತ್ತನ್ನು 35 ಗಂಟೆಗಳ ಕಾಲ ಕೊಡಬಲ್ಲ ಸಂಗ್ರಹ. 30 ಮಿಲಿ ಆಂಪಿಯರ್ ಎಳೆತಕ್ಕೆ ದಿನಕ್ಕೆ 0.72 ಆಂಪಿಯರ್-ಗಂಟೆ, 30 ದಿನಕ್ಕೆ 21.6 ಆಂಪಿಯರ್-ಗಂಟೆ ಖರ್ಚಾಗುತ್ತದೆ. ಎಂದರೆ ಪೂರ್ತಿ ತುಂಬಿಸಿ ನಿಲ್ಲಿಸಿದ ಕಾರಿನಲ್ಲಿಯೂ ತಿಂಗಳ ಕೊನೆಗೆ ಶೇ 40ಕ್ಕಿಂತ ಕಡಿಮೆ ಉಳಿಯುತ್ತದೆ, ಎಂಜಿನ್ ಚಾಲೂ ಆಗುವುದು ಅನುಮಾನದ ಮಾತಾಗುತ್ತದೆ.

ಕೊಂಡ ಮೇಲೆ ಅಳವಡಿಸಿದ ಡ್ಯಾಶ್‌ಕ್ಯಾಮ್, ಜಿಪಿಎಸ್ ಟ್ರ್ಯಾಕರ್, ಹೆಚ್ಚುವರಿ ಸ್ಟೀರಿಯೊ ಆಂಪ್ಲಿಫೈಯರ್‌ಗಳು ಈ ಲೆಕ್ಕವನ್ನು ಇನ್ನಷ್ಟು ಕೆಡಿಸುತ್ತವೆ. ಪಾರ್ಕಿಂಗ್ ಕಾವಲಿನಲ್ಲಿಟ್ಟ ಡ್ಯಾಶ್‌ಕ್ಯಾಮ್ 250 ಮಿಲಿ ಆಂಪಿಯರ್ ಎಳೆದರೆ ದಿನಕ್ಕೆ 6 ಆಂಪಿಯರ್-ಗಂಟೆ ಹೋಗಿ, ಅದೇ ಬ್ಯಾಟರಿ ಒಂದು ವಾರವನ್ನೂ ತಾಳುವುದಿಲ್ಲ. ಗುಂಡಿ ಒತ್ತಿ ಚಾಲೂ ಮಾಡುವ ಕಾರುಗಳಲ್ಲಿ ಕೀಲಿಯನ್ನು ಕಾರಿನ ಪಕ್ಕದ ಗೋಡೆಯ ಮೊಳೆಗೆ ತೂಗುಹಾಕಿದರೂ ಕಾರು ಅದರ ಸಂಕೇತವನ್ನು ಗ್ರಹಿಸಿ ಮತ್ತೆ ಮತ್ತೆ ಎಚ್ಚರಗೊಳ್ಳುವ ಸಾಧ್ಯತೆಯಿರುವುದರಿಂದ, ಕೀಲಿಯನ್ನು ದೂರದಲ್ಲಿಡುವುದು ಒಳ್ಳೆಯದು.

ವಾರಕ್ಕೊಮ್ಮೆ ಐದು ನಿಮಿಷ ಚಾಲೂ ಮಾಡುವ ರೂಢಿ

ಊರಿಗೆ ಹೋಗುವವರು ಕಾರಿನ ಕೀಲಿಯನ್ನು ನೆರೆಯವರಿಗೋ ಸೆಕ್ಯುರಿಟಿ ಸಿಬ್ಬಂದಿಗೋ ಕೊಟ್ಟು, ವಾರಕ್ಕೊಮ್ಮೆ ಐದು ನಿಮಿಷ ಸ್ಟಾರ್ಟ್ ಮಾಡಿ ಆಫ್ ಮಾಡುವಂತೆ ಹೇಳಿ ಹೋಗುವ ಪದ್ಧತಿ ವ್ಯಾಪಕವಾಗಿದೆ. ಇದು ಸಾಲುವುದಿಲ್ಲ ಎಂಬುದಕ್ಕೆ ಸೆಲ್ಫ್ ಹೊಡೆಯುವಾಗ ಬ್ಯಾಟರಿ ಬಹಳಷ್ಟು ಖಾಲಿಯಾಗುತ್ತದೆ ಎಂಬ ಕಾರಣವನ್ನು ಸಾಮಾನ್ಯವಾಗಿ ಕೊಡಲಾಗುತ್ತದೆ, ಆದರೆ ಲೆಕ್ಕ ಬೇರೆಯದನ್ನೇ ಹೇಳುತ್ತದೆ. ಸ್ಟಾರ್ಟರ್ ಮೋಟಾರ್ 150 ಆಂಪಿಯರ್‌ನಂತೆ ಎರಡು ಸೆಕೆಂಡ್ ಎಳೆದರೂ ಖರ್ಚಾಗುವುದು 0.1 ಆಂಪಿಯರ್-ಗಂಟೆಗಿಂತ ಕಡಿಮೆ. ನಿಜವಾದ ಸಾಲ ಇರುವುದು ಏಳು ದಿನಗಳ ಸೋರಿಕೆಯಲ್ಲಿ: ಮೇಲಿನ ಉದಾಹರಣೆಯಂತೆ ಅದು 5 ಆಂಪಿಯರ್-ಗಂಟೆ. ಐಡಲ್‌ನಲ್ಲಿ ಓಡುವ ಎಂಜಿನ್ ಬ್ಯಾಟರಿಗೆ 10 ಆಂಪಿಯರ್ ತುಂಬುತ್ತದೆಂದು ಉದಾರವಾಗಿ ಎಣಿಸಿದರೂ ಐದು ನಿಮಿಷಕ್ಕೆ ಮರಳುವುದು 0.8 ಆಂಪಿಯರ್-ಗಂಟೆ. ಹೀಗೆ ವಾರವಾರವೂ ನಾಲ್ಕರಷ್ಟು ಕೊರತೆ ಉಳಿಯುತ್ತ ಹೋಗಿ, ಕಾಳಜಿ ವಹಿಸಿದ್ದೇವೆಂಬ ಸಮಾಧಾನದ ನಡುವೆಯೇ ಬ್ಯಾಟರಿ ಅರೆಖಾಲಿ ಸ್ಥಿತಿಗೆ ಇಳಿಯುತ್ತದೆ. ಅಲ್ಲದೆ ಎಂಜಿನ್ ಪೂರ್ತಿ ಬಿಸಿಯಾಗದೆ ನಿಂತರೆ ಸೈಲೆನ್ಸರ್‌ನಲ್ಲಿಯೂ ಎಂಜಿನ್ ಆಯಿಲ್‌ನಲ್ಲಿಯೂ ತೇವ ಉಳಿಯುತ್ತದೆ.

ಇದಕ್ಕಿಂತ ಗಂಭೀರವಾದದ್ದು ಮನುಷ್ಯರ ಸುರಕ್ಷತೆಯ ವಿಷಯ. ಗಾಳಿ ಆಡದ ಸೆಲ್ಲಾರ್‌ನಲ್ಲಿ ಅಥವಾ ಶಟರ್ ಎಳೆದ ಗ್ಯಾರೇಜಿನಲ್ಲಿ ಎಂಜಿನ್ ಓಡಿಸುತ್ತ ನಿಂತರೆ, ಬಣ್ಣವೂ ವಾಸನೆಯೂ ಇಲ್ಲದ ಕಾರ್ಬನ್ ಮೊನಾಕ್ಸೈಡ್ ಅನಿಲ ತುಂಬಿಕೊಂಡು ಪ್ರಾಣಾಪಾಯ ಒದಗಬಹುದು. ನೆರವಿಗೆ ಒಬ್ಬರು ಸಿಗುವುದಾದರೆ ಅವರು ಎರಡು ವಾರಕ್ಕೊಮ್ಮೆಯಾದರೂ ಕಾರನ್ನು ರಸ್ತೆಗೆ ತೆಗೆದು ಸುಮಾರು ಒಂದು ಗಂಟೆ ಓಡಿಸುವುದು ಲೇಸು. ಹೆಡ್‌ಲೈಟ್, ಎಸಿ ಹಾಕಿಕೊಂಡು ಸಂಜೆಯ ದಟ್ಟಣೆಯಲ್ಲಿ ನಾಯಂಡಹಳ್ಳಿ ಜಂಕ್ಷನ್ನಿನ ಸಿಗ್ನಲ್‌ಗಳಲ್ಲಿ ತೆವಳುವುದರಿಂದ ಬ್ಯಾಟರಿಗೆ ದಕ್ಕುವುದು ಕಡಿಮೆ. ಬೆಳಗಿನ ಹೊತ್ತು ಕೆಂಗೇರಿ, ಕುಂಬಳಗೋಡು ದಾಟಿ ಬಿಡದಿಯವರೆಗೆ ಒಂದೇ ವೇಗದಲ್ಲಿ ಹೋಗಿ ಬಂದರೆ ಬ್ಯಾಟರಿಗೆ ಬೇಕಾದದ್ದು ಸಿಗುತ್ತದೆ, ಟೈರು ಮತ್ತು ಬ್ರೇಕ್‌ಗಳಿಗೂ ಚಲನೆ ದೊರೆಯುತ್ತದೆ.

ನಿಲ್ಲಿಸುವ ಮುನ್ನ: ಅಳತೆ ಮತ್ತು ಭರ್ತಿ

ಬ್ಯಾಟರಿಯ ಸ್ಥಿತಿ ತಿಳಿಯಲು ಸಾಧಾರಣ ಡಿಜಿಟಲ್ ಮಲ್ಟಿಮೀಟರ್ ಸಾಕು. ಅದರ ಗುಂಡಿಯನ್ನು 20 ವೋಲ್ಟಿನ ಡಿಸಿ ಗುರುತಿಗೆ ತಿರುಗಿಸಿ, ಕೆಂಪು ಕಡ್ಡಿಯನ್ನು ಪಾಸಿಟಿವ್ ಟರ್ಮಿನಲ್‌ಗೂ ಕಪ್ಪು ಕಡ್ಡಿಯನ್ನು ನೆಗೆಟಿವ್ ಟರ್ಮಿನಲ್‌ಗೂ ಒತ್ತಿ ಹಿಡಿದರೆ ವೋಲ್ಟೇಜ್ ಕಾಣುತ್ತದೆ. ಆಗಷ್ಟೇ ಓಡಿಬಂದ ಕಾರಿನಲ್ಲಿ ಅಳೆದರೆ ಫಲಕದ ಮೇಲ್ಪದರದ ತಾತ್ಕಾಲಿಕ ಚಾರ್ಜಿನಿಂದಾಗಿ ಅಂಕಿ ಹೆಚ್ಚಾಗಿ ತೋರುವುದರಿಂದ, ರಾತ್ರಿಯಿಡೀ ನಿಂತ ಕಾರಿನಲ್ಲಿ ಬೆಳಗ್ಗೆ ಅಳೆಯುವುದು ಸರಿಯಾದ ಕ್ರಮ. 12.6 ವೋಲ್ಟ್ ಅಥವಾ ಅದಕ್ಕಿಂತ ಹೆಚ್ಚಿದ್ದರೆ ಬ್ಯಾಟರಿ ಪೂರ್ಣ ತುಂಬಿದೆ, 12.4 ಇದ್ದರೆ ಮುಕ್ಕಾಲು, 12.2 ಇದ್ದರೆ ಅರ್ಧ, 12.0 ಇದ್ದರೆ ಕಾಲು ಭಾಗ ಉಳಿದಿದೆ ಎಂದು ತಿಳಿಯಬೇಕು. ತುಂಬಿದ್ದಕ್ಕೂ ಅರ್ಧವಾದದ್ದಕ್ಕೂ ನಡುವೆ ಇರುವುದು 0.4 ವೋಲ್ಟ್ ಮಾತ್ರ. ಆದ್ದರಿಂದ ಮೀಟರಿನಲ್ಲಿ ದಶಮಾಂಶದ ನಂತರದ ಅಂಕಿಯನ್ನು ಗಮನವಿಟ್ಟು ಓದಬೇಕು, 12 ಕಂಡಿತೆಂದು ತೃಪ್ತಿಪಡಬಾರದು. 12.4ಕ್ಕಿಂತ ಕೆಳಗಿಳಿದ ಬ್ಯಾಟರಿಯನ್ನು ತಡಮಾಡದೆ ಚಾರ್ಜ್ ಮಾಡುವುದನ್ನು ನಿಯಮವಾಗಿಟ್ಟುಕೊಂಡರೆ ಸಲ್ಫೇಷನ್ನಿಗೆ ಅವಕಾಶವೇ ಸಿಗುವುದಿಲ್ಲ.

ಟರ್ಮಿನಲ್‌ಗಳ ಸುತ್ತ ಬಿಳಿ ಅಥವಾ ಹಸಿರು ಬೂಷ್ಟಿನಂತಹ ಪುಡಿ ಕಟ್ಟಿದ್ದರೆ, ಸಂಪರ್ಕ ಬಿಡಿಸಿ, ಅಡುಗೆ ಸೋಡಾ ಕಲಸಿದ ನೀರಿನಿಂದ ಹಳೆಯ ಬ್ರಷ್ ಹಿಡಿದು ಉಜ್ಜಿ, ಒಣಗಿಸಿ, ತೆಳುವಾಗಿ ಪೆಟ್ರೋಲಿಯಂ ಜೆಲ್ಲಿ ಸವರಬೇಕು. ಸೋಡಾ ನೀರು ಬ್ಯಾಟರಿಯ ಒಳಕ್ಕೆ ಸೇರದಂತೆ ನೋಡಿಕೊಳ್ಳಬೇಕು. ನೀರು ಹಾಕುವ ಮಾದರಿಯಾದರೆ ಪ್ರತಿ ಕೋಶದಲ್ಲಿಯೂ ಫಲಕಗಳು ಮುಳುಗಿರುವಂತೆ ಡಿಸ್ಟಿಲ್ಡ್ ವಾಟರನ್ನಷ್ಟೇ ತುಂಬಬೇಕು. ಕೊಳವೆಬಾವಿ ಅಥವಾ ನಲ್ಲಿಯ ನೀರಿನ ಲವಣಗಳು ಫಲಕಗಳನ್ನು ಹಾಳುಮಾಡುತ್ತವೆ, ಆಮ್ಲ ಸೇರಿಸಿದರೆ ಅದರ ಸಾಂದ್ರತೆ ಕೆಡುತ್ತದೆ.

ಚಾರ್ಜ್ ಮಾಡುವಾಗ ಸಾಮರ್ಥ್ಯದ ಹತ್ತನೆಯ ಒಂದು ಭಾಗದಷ್ಟು, ಎಂದರೆ 35 ಆಂಪಿಯರ್-ಗಂಟೆಯ ಬ್ಯಾಟರಿಗೆ 3.5 ಆಂಪಿಯರ್‌ನಷ್ಟು ಪ್ರವಾಹ ಹಿತಕರ. ಚಾರ್ಜ್ ಆಗುವಾಗ ಹೈಡ್ರೋಜನ್ ಅನಿಲ ಹೊರಬೀಳುವುದರಿಂದ ಗಾಳಿ ಬೆಳಕಿರುವ ಜಾಗ ಬೇಕು, ಹತ್ತಿರದಲ್ಲಿ ಬೀಡಿ ಸಿಗರೇಟು, ದೀಪ, ಒಲೆ ಇರಕೂಡದು. ಸಿಗ್ನಲ್ಲಿನಲ್ಲಿ ತಾನಾಗಿ ಆಫ್ ಆಗುವ ಎಂಜಿನ್ನಿನ ಕಾರುಗಳಲ್ಲಿ ಇರುವ ಎಜಿಎಂ ಅಥವಾ ಇಎಫ್‌ಬಿ ಬಗೆಯ ಬ್ಯಾಟರಿಗೆ ಅದಕ್ಕೆ ಹೊಂದುವ ಚಾರ್ಜರನ್ನೇ ಬಳಸಬೇಕು.

ಎಷ್ಟು ಕಾಲಕ್ಕೆ ಯಾವ ಕ್ರಮ

ಎರಡು ವಾರದೊಳಗಿನ ನಿಲುಗಡೆಗೆ, ಬ್ಯಾಟರಿ ಸುಸ್ಥಿತಿಯಲ್ಲಿದ್ದರೆ, ಡ್ಯಾಶ್‌ಕ್ಯಾಮ್‌ನಂತಹ ಹೊರಗಿನ ಉಪಕರಣಗಳ ಪ್ಲಗ್ ಕಿತ್ತು, ಒಳಗಿನ ದೀಪಗಳು ಆರಿವೆಯೇ ಎಂದು ನೋಡಿದರೆ ಸಾಕು. ಎರಡು ವಾರ ದಾಟಿ ಮೂರು ತಿಂಗಳವರೆಗೆ ನಿಲ್ಲುವ ಕಾರಿಗೆ ಪೂರ್ತಿ ಚಾರ್ಜ್ ಮಾಡಿ ನೆಗೆಟಿವ್ ಸಂಪರ್ಕ ಬಿಡಿಸುವುದು ಖರ್ಚಿಲ್ಲದ, ಪರಿಣಾಮಕಾರಿ ಉಪಾಯ. ಅನೇಕ ಕಾರುಗಳಲ್ಲಿ 10 ನಂಬರಿನ ಒಂದು ಸ್ಪ್ಯಾನರ್ ಸಾಕಾಗುವ ಈ ಕೆಲಸದಲ್ಲಿ ತಪ್ಪಬಾರದ ಅನುಕ್ರಮವಿದೆ: ಬಿಡಿಸುವಾಗ ನೆಗೆಟಿವ್ ಮೊದಲು, ಜೋಡಿಸುವಾಗ ನೆಗೆಟಿವ್ ಕೊನೆಗೆ. ಕಾರಿನ ಲೋಹದ ಮೈಯೆಲ್ಲವೂ ನೆಗೆಟಿವ್‌ಗೆ ಸೇರಿರುವುದರಿಂದ, ಮೊದಲು ಪಾಸಿಟಿವ್ ಬಿಚ್ಚಲು ಹೊರಟಾಗ ಸ್ಪ್ಯಾನರಿನ ಇನ್ನೊಂದು ತುದಿ ಬಾಡಿಗೆ ತಗುಲಿದರೆ ನೂರಾರು ಆಂಪಿಯರ್ ಹರಿದು ಕಿಡಿ ಹಾರುತ್ತದೆ. ನೆಗೆಟಿವ್ ಬಿಡಿಸಿದ ಮೇಲೆ ಆ ಅಪಾಯ ಇರುವುದಿಲ್ಲ. ಬಿಡಿಸಿದ ಕೇಬಲ್ ಮತ್ತೆ ಟರ್ಮಿನಲ್‌ಗೆ ತಾಗದಂತೆ ಒಣಬಟ್ಟೆ ಸುತ್ತಿ ಪಕ್ಕಕ್ಕೆ ಸರಿಸಬೇಕು.

ಇದರ ಅಡ್ಡ ಪರಿಣಾಮಗಳೂ ಇವೆ. ಗಡಿಯಾರ, ಸ್ಟೀರಿಯೊ ಹೊಂದಾಣಿಕೆಗಳು ಅಳಿಸಿಹೋಗುತ್ತವೆ, ಕೆಲವು ಸ್ಟೀರಿಯೊಗಳು ಕೋಡ್ ಕೇಳುತ್ತವೆ, ಕೆಲವು ಕಾರುಗಳಲ್ಲಿ ಪವರ್ ಕಿಟಕಿಗಳ ಮಿತಿಯನ್ನು ಮತ್ತೆ ಹೊಂದಿಸಬೇಕಾಗುತ್ತದೆ; ಅಲಾರಂ ಕೆಲಸ ಮಾಡುವುದಿಲ್ಲ, ರಿಮೋಟಿನಿಂದ ಬಾಗಿಲು ತೆರೆಯುವುದಿಲ್ಲ. ಆದ್ದರಿಂದ ರಿಮೋಟಿನೊಳಗೆ ಅಡಗಿರುವ ಲೋಹದ ಕೀಲಿಯಿಂದ ಚಾಲಕನ ಬಾಗಿಲು ತೆರೆಯುತ್ತದೆಯೇ ಎಂದು ಮೊದಲೇ ಪರೀಕ್ಷಿಸಿಕೊಂಡು, ಸ್ಟೀರಿಯೊ ಕೋಡನ್ನು ಬರೆದಿಟ್ಟುಕೊಂಡು, ಆ ಬಳಿಕವೇ ಸಂಪರ್ಕ ಬಿಡಿಸಬೇಕು. ಬ್ಯಾಟರಿ ಡಿಕ್ಕಿಯಲ್ಲಿರುವ ಕಾರುಗಳಲ್ಲಿ ಈ ಎಚ್ಚರ ಇನ್ನೂ ಹೆಚ್ಚು ಬೇಕು.

ಮೂರು ತಿಂಗಳಿಗೂ ಮೀರಿದ ನಿಲುಗಡೆಗೆ ಎರಡು ಮಾರ್ಗಗಳಿವೆ. ಪಾರ್ಕಿಂಗ್ ಜಾಗದಲ್ಲಿ ಪ್ಲಗ್ ಪಾಯಿಂಟ್ ಇದ್ದು, ಅಸೋಸಿಯೇಷನ್ನಿನ ಒಪ್ಪಿಗೆಯೂ ಇದ್ದರೆ, ಮೆಂಟೆನೆನ್ಸ್ ಚಾರ್ಜರ್ ಜೋಡಿಸಬಹುದು. ಇದು ಮೊದಲು ಬ್ಯಾಟರಿಯನ್ನು ತುಂಬಿಸಿ, ಬಳಿಕ ತಾನಾಗಿಯೇ ವೋಲ್ಟೇಜನ್ನು 13.5ರ ಆಸುಪಾಸಿಗೆ ಇಳಿಸಿಕೊಂಡು, ಸೋರಿದಷ್ಟನ್ನು ಮಾತ್ರ ತುಂಬುತ್ತ ಕಾಯುವ ಸಾಧನ. ತಾನಾಗಿ ತಗ್ಗದ ಹಳೆಯ ಬಗೆಯ ಚಾರ್ಜರನ್ನು ವಾರಗಟ್ಟಲೆ ಬಿಟ್ಟರೆ ಆಮ್ಲದ ನೀರು ಇಂಗಿ ಫಲಕಗಳು ಕೆಡುವುದರಿಂದ ಅದು ಈ ಕೆಲಸಕ್ಕೆ ಸಲ್ಲದು. ವೃಷಭಾವತಿ ಕಣಿವೆಯ ತಗ್ಗಿನಲ್ಲಿರುವ, ಜೋರು ಮಳೆಗೆ ನೀರು ನುಗ್ಗುವ ಸೆಲ್ಲಾರ್‌ಗಳಲ್ಲಂತೂ ಯಾರೂ ನೋಡಿಕೊಳ್ಳುವವರಿಲ್ಲದೆ ಚಾರ್ಜರ್ ಬಿಟ್ಟುಹೋಗುವುದು ಅಪಾಯಕರ.

ಪ್ಲಗ್ ಇಲ್ಲದವರಿಗೆ ಉಳಿದ ಮಾರ್ಗ ಬ್ಯಾಟರಿಯನ್ನು ಕಾರಿನಿಂದ ಹೊರತೆಗೆದು ಇಡುವುದು. ಸಣ್ಣ ಕಾರಿನ ಬ್ಯಾಟರಿಯೂ ಹತ್ತು ಕಿಲೋದಷ್ಟು ತೂಗುವುದರಿಂದ ಓರೆಯಾಗದಂತೆ ಎರಡೂ ಕೈಗಳಿಂದ ಎತ್ತಬೇಕು. ಮಕ್ಕಳ ಕೈಗೆ ಸಿಗದ, ಬಿಸಿಲು ಬೀಳದ, ಗಾಳಿಯಾಡುವ ಮೂಲೆಯಲ್ಲಿ ಇಟ್ಟು, ಎರಡು ತಿಂಗಳಿಗೊಮ್ಮೆ ಅಳೆದು, 12.4ಕ್ಕೆ ಇಳಿದಾಗ ಮನೆಯಲ್ಲಿ ಅಥವಾ ಬ್ಯಾಟರಿ ಅಂಗಡಿಯಲ್ಲಿ ಚಾರ್ಜ್ ಮಾಡಿಸಬೇಕು. ಸಿಮೆಂಟಿನ ನೆಲದ ಮೇಲಿಟ್ಟರೆ ಬ್ಯಾಟರಿ ಇಳಿದುಹೋಗುತ್ತದೆ ಎಂಬ ನಂಬಿಕೆ ಹಳೆಯ ರಬ್ಬರ್ ಕವಚದ ಕಾಲದ್ದು. ಇಂದಿನ ಪ್ಲಾಸ್ಟಿಕ್ ಕವಚದ ಬ್ಯಾಟರಿಗೆ ಅದು ಅನ್ವಯಿಸುವುದಿಲ್ಲ. ಚಳಿದೇಶಗಳಲ್ಲಿ ನೆಲೆಸಿರುವ ಕನ್ನಡ ಕುಟುಂಬಗಳು ಮಾತ್ರ ಇನ್ನೊಂದು ವಿಷಯ ಗಮನಿಸಬೇಕು. ತುಂಬಿದ ಬ್ಯಾಟರಿಯ ಆಮ್ಲ ಕಡು ಚಳಿಯನ್ನೂ ತಾಳುತ್ತದೆ, ಖಾಲಿಯಾದದ್ದರಲ್ಲಿ ನೀರಿನಂಶವೇ ಹೆಚ್ಚಿರುವುದರಿಂದ ಸೊನ್ನೆಗಿಂತ ಕೆಲವೇ ಡಿಗ್ರಿ ಕೆಳಗೆ ಹೆಪ್ಪುಗಟ್ಟಿ ಕವಚ ಬಿರಿಯಬಹುದು.

ವಿದ್ಯುತ್ ಕಾರುಗಳ ವಿಷಯ

ವಿದ್ಯುತ್ ಕಾರಿಗೂ ಬೆಂಗಳೂರಿಗೂ ಹಳೆಯ ನಂಟಿದೆ: 2001ರಲ್ಲಿ ಮಾರುಕಟ್ಟೆಗೆ ಬಂದ ಇಲ್ಲಿಯ ರೇವಾ ಕಾರು 6 ವೋಲ್ಟಿನ ಎಂಟು ಸೀಸ-ಆಮ್ಲ ಬ್ಯಾಟರಿಗಳ ಬಲದಿಂದಲೇ ಓಡುತ್ತಿತ್ತು. ಇಂದಿನ ವಿದ್ಯುತ್ ಕಾರುಗಳ ಮುಖ್ಯ ಬ್ಯಾಟರಿ ಲಿಥಿಯಂ ಬಗೆಯದು, ಅದರ ನಡೆ ಸೀಸ-ಆಮ್ಲಕ್ಕೆ ವಿರುದ್ಧ. ಅದನ್ನು ಪೂರ್ತಿ ತುಂಬಿಸಿಯೂ ಪೂರ್ತಿ ಇಳಿಸಿಯೂ ಬಹುಕಾಲ ಬಿಡಬಾರದು. ತಯಾರಕರ ಕೈಪಿಡಿ ಬೇರೆ ಹೇಳದಿದ್ದರೆ ಸುಮಾರು ಅರ್ಧದಷ್ಟು ಚಾರ್ಜಿನಲ್ಲಿ ಬಿಡುವುದು ಸೂಕ್ತ. ಆದರೆ ಬಾಗಿಲ ಲಾಕು, ಪರದೆ, ನಿಯಂತ್ರಕಗಳಿಗೆ ವಿದ್ಯುತ್ ಕೊಡುವ 12 ವೋಲ್ಟಿನ ಚಿಕ್ಕ ಬ್ಯಾಟರಿಯೊಂದು ಈ ಕಾರುಗಳಲ್ಲಿಯೂ ಇದ್ದು, ಅದು ಇಳಿದರೆ ಮುಖ್ಯ ಬ್ಯಾಟರಿ ತುಂಬಿದ್ದರೂ ಕಾರು ಚಾಲೂ ಆಗುವುದಿಲ್ಲ. ಅದರ ಸಂಪರ್ಕ ಬಿಡಿಸುವ ಕ್ರಮ ಮಾದರಿಯಿಂದ ಮಾದರಿಗೆ ಬೇರೆಯಾಗಿರುವುದರಿಂದ ಕೈಪಿಡಿ ನೋಡದೆ ಕೈಹಾಕಬಾರದು.

ಮರಳಿ ಬಂದ ಮೇಲೆ

ಬಹುದಿನಗಳ ನಂತರ ಕಾರು ತೆಗೆಯುವಾಗ ಬಾನೆಟ್ ಎತ್ತಿ ಇಲಿಗಳು ವೈರ್ ಕಡಿದಿವೆಯೇ, ಬ್ಯಾಟರಿ ಉಬ್ಬಿದೆಯೇ, ಸೋರಿದೆಯೇ ಎಂದು ಮೊದಲು ನೋಡಬೇಕು. ಉಬ್ಬಿದ ಅಥವಾ ಬಿರಿದ ಬ್ಯಾಟರಿಗೆ ಚಾರ್ಜರನ್ನಾಗಲಿ ಜಂಪರ್ ಕೇಬಲನ್ನಾಗಲಿ ಜೋಡಿಸಕೂಡದು. ಸ್ಥಿತಿ ಸರಿಯಿದ್ದು ಚಾರ್ಜ್ ಮಾತ್ರ ಇಳಿದಿದ್ದರೆ, ಇನ್ನೊಂದು ಕಾರಿನ ನೆರವು ಪಡೆಯುವಾಗ ಕೆಂಪು ಕೇಬಲನ್ನು ಮೊದಲು ಇಳಿದ ಬ್ಯಾಟರಿಯ ಪಾಸಿಟಿವ್‌ಗೂ ಬಳಿಕ ತುಂಬಿದ ಬ್ಯಾಟರಿಯ ಪಾಸಿಟಿವ್‌ಗೂ ಜೋಡಿಸಿ, ಕಪ್ಪು ಕೇಬಲಿನ ಒಂದು ತುದಿಯನ್ನು ತುಂಬಿದ ಬ್ಯಾಟರಿಯ ನೆಗೆಟಿವ್‌ಗೆ ಹಾಕಿ, ಕೊನೆಯ ತುದಿಯನ್ನು ಇಳಿದ ಬ್ಯಾಟರಿಗಲ್ಲದೆ ಅದರಿಂದ ದೂರದ, ಬಣ್ಣವಿಲ್ಲದ ಎಂಜಿನ್ ಲೋಹಕ್ಕೆ ಕಚ್ಚಿಸಬೇಕು. ಕೊನೆಯ ಸಂಪರ್ಕದಲ್ಲಿ ಹಾರುವ ಕಿಡಿ ಬ್ಯಾಟರಿಯ ಬಳಿಯ ಹೈಡ್ರೋಜನ್ನಿಗೆ ತಗುಲದಿರಲಿ ಎಂಬುದೇ ಇದರ ಉದ್ದೇಶ. ಎಂಜಿನ್ ಓಡುವಾಗ ಟರ್ಮಿನಲ್‌ಗಳಲ್ಲಿ ಸಾಮಾನ್ಯವಾಗಿ 13.8ರಿಂದ 14.5 ವೋಲ್ಟ್ ಕಂಡರೆ ಆಲ್ಟರ್ನೇಟರ್ ಕೆಲಸ ಮಾಡುತ್ತಿದೆ ಎಂದರ್ಥ. ಆದರೂ ಪೂರ್ತಿ ಇಳಿದ ಬ್ಯಾಟರಿಯನ್ನು ತುಂಬುವ ಹೊರೆಯನ್ನು ಆಲ್ಟರ್ನೇಟರ್ ಮೇಲೆ ಬಿಡದೆ, ಚಾರ್ಜರಿನಲ್ಲಿ ನಿಧಾನವಾಗಿ ತುಂಬಿಸುವುದೇ ಸರಿ.

ಪೂರ್ತಿ ಚಾರ್ಜ್ ಮಾಡಿ ಒಂದು ರಾತ್ರಿ ಬಿಟ್ಟ ಮೇಲೂ 12.4ನ್ನು ಮುಟ್ಟದ ಬ್ಯಾಟರಿಯನ್ನು ಅಂಗಡಿಯಲ್ಲಿ ಲೋಡ್ ಪರೀಕ್ಷೆಗೆ ಒಡ್ಡಿಸಿ ತೀರ್ಮಾನಿಸಬೇಕು. ನಮ್ಮ ಹವೆಯಲ್ಲಿ ಬ್ಯಾಟರಿಯ ಸಾಮಾನ್ಯ ಆಯುಸ್ಸು 3ರಿಂದ 5 ವರ್ಷವಾದ್ದರಿಂದ, ನಾಲ್ಕು ವರ್ಷ ದಾಟಿದ ಬ್ಯಾಟರಿಯನ್ನು ಆರು ತಿಂಗಳು ಕಾಪಾಡಲು ಹೆಣಗುವುದಕ್ಕಿಂತ, ಸಂಪರ್ಕ ಬಿಡಿಸಿ ಹೋಗಿ ಬಂದ ಮೇಲೆ ಹೊಸದನ್ನು ಕೊಳ್ಳುವುದು ಲಾಭಕರವಾಗಬಹುದು. ಹಳೆಯದನ್ನು ಕಸದೊಡನೆ ಎಸೆಯುವಂತಿಲ್ಲ: 2022ರ ಬ್ಯಾಟರಿ ತ್ಯಾಜ್ಯ ನಿರ್ವಹಣಾ ನಿಯಮಗಳ ಪ್ರಕಾರ ಅದನ್ನು ಮನೆಯ ಕಸದಿಂದ ಬೇರೆಯಾಗಿಟ್ಟು ಸಂಗ್ರಹಣೆ ಅಥವಾ ಮರುಬಳಕೆಯ ವ್ಯವಸ್ಥೆಗೆ ತಲುಪಿಸುವುದು ಬಳಕೆದಾರರ ಹೊಣೆ. ಹೊಸದನ್ನು ಮಾರುವ ಅಂಗಡಿಯಲ್ಲಿಯೇ ಹಳೆಯದನ್ನು ಕೊಟ್ಟರೆ ಬೆಲೆಯಲ್ಲಿ ರಿಯಾಯಿತಿ ಸಿಗುವುದು ರೂಢಿ, ಸೀಸವೂ ಮಣ್ಣು ನೀರು ಸೇರದೆ ಮರುಬಳಕೆಗೆ ಹೋಗುತ್ತದೆ.